ಡಿಸ್ಚಾರ್ಜ್ ಬುಕ್‌ನಲ್ಲಿ ಆಪ್ ವಿಜಯ್ ಸ್ಟಾರ್ ಇಲ್ಲ, ಪಿಪಿಒದಲ್ಲಿ ಅಮ್ಮನ ಹೆಸರೇ ಬೇರೆ: ಎಲ್ಲಿಂದ ಶುರು ಮಾಡಬೇಕು?

ಚನ್ನರಾಯಪಟ್ಟಣ_ಹುಡುಗ

ಎಲ್ಲರಿಗೂ ನಮಸ್ಕಾರ. ಅಪ್ಪ ಆರ್ಟಿಲರಿಯಲ್ಲಿದ್ದರು. 1983ರಲ್ಲಿ ಭರ್ತಿ, 2003ರಲ್ಲಿ ಹವಾಲ್ದಾರ್ ಆಗಿ ಡಿಸ್ಚಾರ್ಜ್, ಪೆನ್ಷನ್ ಬರುತ್ತಿದೆ. ದಾಖಲೆಗಳಲ್ಲಿ ಮೂರು ತೊಡಕುಗಳಿವೆ.

ಒಂದು, ಡಿಸ್ಚಾರ್ಜ್ ಬುಕ್‌ನ ಮೆಡಲ್ ಪುಟದಲ್ಲಿ ಆಪ್ ವಿಜಯ್ (ಆಪರೇಷನ್ ವಿಜಯ್, ಅಂದರೆ 1999ರ ಕಾರ್ಗಿಲ್ ಯುದ್ಧ) ಮೆಡಲ್ ಬರೆದಿದ್ದಾರೆ, ಆಪ್ ವಿಜಯ್ ಸ್ಟಾರ್ ಬರೆದಿಲ್ಲ. ಅವರ ಬ್ಯಾಟರಿ (ತೋಪುಗಳ ತುಕಡಿ) 1999ರ ಜೂನ್-ಜುಲೈನಲ್ಲಿ ದ್ರಾಸ್‌ನಲ್ಲಿತ್ತು. ಅದೇ ಬ್ಯಾಟರಿಯ ಇನ್ನೊಬ್ಬರ ಬುಕ್‌ನಲ್ಲಿ ಎರಡೂ ಇವೆ.

ಎರಡು, ಪಿಪಿಒದಲ್ಲಿ (ಪೆನ್ಷನ್ ಪಾವತಿ ಆದೇಶ) ಅಮ್ಮನ ಹೆಸರು 'ಲಕ್ಷ್ಮೀ ದೇವಿ' ಅಂತಿದೆ. ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲದರಲ್ಲೂ ಲಕ್ಷ್ಮಮ್ಮ. ಹುಟ್ಟಿದ ದಿನಾಂಕದ ಜಾಗ ಖಾಲಿ.

ಮೂರು, ಅಪ್ಪನ ಹುಟ್ಟಿದ ವರ್ಷ ಸೇನೆಯ ದಾಖಲೆಯಲ್ಲಿ ಎರಡು ವರ್ಷ ಹಿಂದಕ್ಕಿದೆ, ಅಂದರೆ ಕಾಗದದ ಮೇಲೆ ಎರಡು ವರ್ಷ ದೊಡ್ಡವರು. ಆಧಾರ್‌ನಲ್ಲಿ ಬೇರೆ.

ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದಾ? ಯಾರಿಗೆ ಬರೆಯಬೇಕು? ಒಬ್ಬರು 'ಸೀದಾ ಟ್ರಿಬ್ಯೂನಲ್‌ಗೆ ಹಾಕೋಣ, ಎಲ್ಲ ಒಟ್ಟಿಗೆ ಆಗುತ್ತೆ' ಅಂತ ದುಡ್ಡು ಕೇಳುತ್ತಿದ್ದಾರೆ.

---

ಕಡತಗಾರ

ದುಡ್ಡು ಕೊಡಬೇಡಿ, ಈಗಲೇ ಅಂತೂ ಬೇಡ. ಮೂರೂ ಬೇರೆ ಬೇರೆ ಕೆಲಸ. ಮೂರಕ್ಕೂ ಬೇರೆ ಬೇರೆ ಅರ್ಜಿ ಬರೆಯಿರಿ. ಒಂದೇ ಕಾಗದದಲ್ಲಿ ಬರೆದರೆ, ಸೈನಿಕರ ದಾಖಲೆ ಇಡುವ ರೆಕಾರ್ಡ್ಸ್‌ನಲ್ಲಿ ಅದು ಯಾವುದೋ ಒಂದು ಸೆಕ್ಷನ್‌ಗೆ ಹೋಗುತ್ತೆ. ಅವರು ತಮ್ಮ ಭಾಗಕ್ಕೆ ಉತ್ತರ ಕೊಟ್ಟು ಕಡತ ಮುಚ್ಚುತ್ತಾರೆ. ಉಳಿದೆರಡು ಅಲ್ಲೇ ಸತ್ತಂತೆ.

ಮೊದಲು ಇದು ಅರ್ಥವಾಗಬೇಕು: ಡಿಸ್ಚಾರ್ಜ್ ಬುಕ್ ಮೂಲ ದಾಖಲೆ ಅಲ್ಲ. ಮೂಲ ಇರುವುದು ರೆಕಾರ್ಡ್ಸ್ ಕಚೇರಿಯಲ್ಲಿರುವ ಶೀಟ್ ರೋಲ್, ಅಂದರೆ ಸೈನಿಕನ ಸೇವಾ ದಾಖಲೆ. ಅದಕ್ಕೆ ಏನೇ ಸೇರಬೇಕಾದರೂ, ಮದುವೆ, ಮಗು, ಪ್ರಮೋಷನ್, ಮೆಡಲ್ ಯಾವುದೇ ಆಗಲಿ, ಯೂನಿಟ್‌ನಿಂದ ಪಾರ್ಟ್ ಟೂ ಆರ್ಡರ್ (ಸೈನಿಕರ ವೈಯಕ್ತಿಕ ವಿವರಗಳ ಅಧಿಕೃತ ಆದೇಶ) ಪ್ರಕಟವಾಗಿರಬೇಕು. ಮನೆಗೆ ಕಳಿಸುವಾಗ ಶೀಟ್ ರೋಲ್ ನೋಡಿಕೊಂಡು ಡಿಸ್ಚಾರ್ಜ್ ಬುಕ್ ಬರೆಯುತ್ತಾರೆ. ಪಿಪಿಒ ಬರುವುದು ಪ್ರಯಾಗ್‌ರಾಜ್‌ನ ಪಿಸಿಡಿಎ (ಪೆನ್ಷನ್ಸ್), ಅಂದರೆ ರಕ್ಷಣಾ ಪೆನ್ಷನ್ ಲೆಕ್ಕಪತ್ರ ಕಚೇರಿಯಿಂದ, ಅದೂ ರೆಕಾರ್ಡ್ಸ್ ಕಳಿಸಿದ ಕಾಗದದ ಮೇಲೆ.

ಹಾಗಾಗಿ ತಪ್ಪು ಎಲ್ಲಿ ಹುಟ್ಟಿದೆ ಅನ್ನೋದು ಮೊದಲು ಗೊತ್ತಾಗಬೇಕು. ಶೀಟ್ ರೋಲ್‌ನಲ್ಲಿ ಸ್ಟಾರ್ ಇದ್ದು, ಬುಕ್ ಬರೆದ ಗುಮಾಸ್ತ ಬಿಟ್ಟಿದ್ದರೆ ಅದು ಬರೀ ನಕಲು ಮಾಡುವಾಗ ಆದ ತಪ್ಪು. ರೆಕಾರ್ಡ್ಸ್‌ನವರೇ ಪೆನ್ನಿನಲ್ಲಿ ಸೇರಿಸಿ, ರೆಕಾರ್ಡ್ ಆಫೀಸರ್ ಸಹಿ ಮತ್ತು ದುಂಡು ಮೊಹರು ಹಾಕಿ ಕೊಡುತ್ತಾರೆ. ಶೀಟ್ ರೋಲ್‌ನಲ್ಲೇ ಇಲ್ಲ ಅಂದರೆ ಪಾರ್ಟ್ ಟೂ ಆರ್ಡರ್ ಹುಡುಕಬೇಕು. ಆರ್ಡರೇ ಆಗಿಲ್ಲ ಅಂದರೆ ಅರ್ಹತೆಯನ್ನೇ ಸಾಬೀತು ಮಾಡಬೇಕು, ಅದು ಉದ್ದದ ದಾರಿ.

ಆರ್ಟಿಲರಿ ಜವಾನ್ ಮತ್ತು ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್)ಗಳ ರೆಕಾರ್ಡ್ಸ್ ಇರುವುದು ನಾಸಿಕ್ ರೋಡ್ ಕ್ಯಾಂಪ್‌ನಲ್ಲಿ. ಅರ್ಜಿ 'ಆಫೀಸರ್ ಇನ್ ಚಾರ್ಜ್, ರೆಕಾರ್ಡ್ಸ್' ಹೆಸರಿಗೆ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಮೊದಲ ಸಾಲಿನಲ್ಲೇ ಆರ್ಮಿ ನಂಬರ್ ಇರಲಿ, ಕೊನೆಯ ಅಕ್ಷರದ ಸಮೇತ. ಆ ಅಕ್ಷರ ಅಲಂಕಾರಕ್ಕಲ್ಲ, ನಂಬರ್ ಸರಿಯಿದೆಯೇ ಅಂತ ತಾಳೆ ನೋಡೋದಕ್ಕೆ. ಆಮೇಲೆ ರ್‍ಯಾಂಕ್, ಸೇನೆಯ ದಾಖಲೆಯಲ್ಲಿ ಇರುವಂತೆಯೇ ಹೆಸರು, ಯೂನಿಟ್, ಭರ್ತಿ ಮತ್ತು ಡಿಸ್ಚಾರ್ಜ್ ದಿನಾಂಕ, ಪಿಪಿಒ ನಂಬರ್. ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಜೆಸಿಒ ಆಗಿ ನಿವೃತ್ತರಾದವರಿಗೆ ನಂಬರ್ ಬದಲಾಗಿರುತ್ತೆ. ಹಳೇ ಜವಾನ್ ನಂಬರನ್ನೂ ಬರೆಯಿರಿ, ಮೊದಲ ವರ್ಷಗಳ ಪಾರ್ಟ್ ಟೂ ಆರ್ಡರ್‌ಗಳೆಲ್ಲ ಅದರಲ್ಲೇ ಇರುತ್ತವೆ.

---

ಸ್ಪರ್ಶ್_ಸಹಾಯ

ಮೊದಲು ಅಮ್ಮನ ಹೆಸರು ಹಿಡಿಯಿರಿ. ಮೆಡಲ್ ಆರು ತಿಂಗಳು ತಡವಾದರೆ ಮನೆಗೆ ತೊಂದರೆ ಇಲ್ಲ. ಹೆಸರು ಸರಿಯಿಲ್ಲದೇ ಅಪ್ಪನಿಗೆ ಏನಾದರೂ ಆದರೆ ಫ್ಯಾಮಿಲಿ ಪೆನ್ಷನ್ ನಿಂತು, ಆ ಹೊತ್ತಿನಲ್ಲಿ ಅಮ್ಮ 'ನಾನೇ ಲಕ್ಷ್ಮೀ ದೇವಿ' ಅಂತ ಸಾಬೀತು ಮಾಡುತ್ತಾ ಕೂರಬೇಕಾಗುತ್ತೆ. ಪೆನ್ಷನರ್ ಬದುಕಿರುವಾಗ ಅವರ ಸಹಿಯಲ್ಲೇ ಇದು ಎಷ್ಟೋ ಸಲೀಸು.

ಈ 'ದೇವಿ' ನಮ್ಮ ಕಡೆ ಬಹಳ ಜನರಿಗೆ ಅಂಟಿಕೊಂಡಿದೆ. ಉತ್ತರದ ಯೂನಿಟ್‌ಗಳಲ್ಲಿ ಗುಮಾಸ್ತರು ಹೆಂಗಸರ ಹೆಸರಿನ ಮುಂದೆ ದೇವಿ ಅಂತಲೋ ಬಾಯಿ ಅಂತಲೋ ಸೇರಿಸಿಬಿಡೋರು. ಅಮ್ಮ, ಅವ್ವ ಅನ್ನೋದೆಲ್ಲ ಅವರ ಕಿವಿಗೆ ಹೆಸರಿನ ಭಾಗ ಅಂತ ಅನ್ನಿಸ್ತಿರಲಿಲ್ಲ. ಗಂಡಸರಲ್ಲಿ ಇನಿಷಿಯಲ್ ತಕರಾರು: ಪಿಪಿಒದಲ್ಲಿ 'ಕೆ.ಎಸ್. ನಾಗರಾಜ', ಆಧಾರ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದ ನಾಲ್ಕು ಪದ, ಬ್ಯಾಂಕಿನಲ್ಲಿ 'ನಾಗರಾಜು'. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ.

ಸೇನಾ ಪೆನ್ಷನ್‌ನ ಸ್ಪರ್ಶ್ ಪೋರ್ಟಲ್‌ನಲ್ಲಿ ಮೊಬೈಲ್, ವಿಳಾಸ, ಬ್ಯಾಂಕ್ ಖಾತೆ ಇಂಥವನ್ನು ಲಾಗಿನ್ ಆಗಿ ನೀವೇ ಬದಲಾಯಿಸೋಕೆ ಕೋರಿಕೆ ಹಾಕಬಹುದು. ಹೆಂಡತಿಯ ಹೆಸರಿನಂಥ ಗುರುತಿನ ವಿವರಕ್ಕೆ ರೆಕಾರ್ಡ್ಸ್ ಒಪ್ಪಿ, ಪಿಸಿಡಿಎಯಿಂದ ಕಾರಿಜೆಂಡಮ್ (ತಿದ್ದುಪಡಿ) ಪಿಪಿಒ ಹೊರಡಬೇಕು. ಅದಕ್ಕೆ ಸಾಮಾನ್ಯವಾಗಿ ಕೇಳುವುದು ಇಷ್ಟು:

- ಅಪ್ಪನ ಸಹಿ ಇರುವ ಅರ್ಜಿ. ಮಗನ ಸಹಿ ನಡೆಯಲ್ಲ.
- ಲಕ್ಷ್ಮೀ ದೇವಿ, ಲಕ್ಷ್ಮಮ್ಮ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್, ಇ-ಸ್ಟ್ಯಾಂಪ್ ಕಾಗದದ ಮೇಲೆ. ಮ್ಯಾಜಿಸ್ಟ್ರೇಟ್ ಎದುರು ಮಾಡಿಸಿದ್ದಾದರೆ ತಕರಾರು ಕಡಿಮೆ. ನೋಟರಿಯದನ್ನು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.
- ಅಮ್ಮನ ಆಧಾರ್, ಪ್ಯಾನ್, ಹುಟ್ಟಿದ ದಿನಾಂಕಕ್ಕೆ ಶಾಲೆಯ ಟಿಸಿ ಅಥವಾ ಜನನ ಪ್ರಮಾಣ ಪತ್ರ ಇದ್ದರೆ ಅದು.
- ಇಬ್ಬರ ಜಂಟಿ ಫೋಟೊ, ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ದೃಢೀಕರಿಸಿದ್ದು.
- ಡಿಸ್ಚಾರ್ಜ್ ಬುಕ್‌ನ ಕುಟುಂಬದ ಪುಟ, ಪಿಪಿಒ ಮತ್ತು ಈವರೆಗೆ ಬಂದ ಎಲ್ಲ ಕಾರಿಜೆಂಡಮ್‌ಗಳ ನಕಲು.

ಹೆಸರು ಪೂರ್ತಿ ಬೇರೆಯೇ ಆಗಿದ್ದರೆ, ಉದಾಹರಣೆಗೆ ತವರಿನಲ್ಲಿ ಪಾರ್ವತಿ, ಗಂಡನ ಮನೆಯಲ್ಲಿ ಸುಶೀಲ, ಆಗ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ಪ್ರತಿಯನ್ನೂ ಕೇಳುವುದುಂಟು. ನಿಮ್ಮದು ಅಷ್ಟು ದೂರ ಹೋಗಲಿಕ್ಕಿಲ್ಲ. ಆದರೂ ಜಾಹೀರಾತಿಗೆ ದುಡ್ಡು ಹಾಕೋ ಮೊದಲು ಏನೇನು ಬೇಕು ಅಂತ ರೆಕಾರ್ಡ್ಸ್‌ನಿಂದ ಬರಹದಲ್ಲೇ ತರಿಸಿಕೊಳ್ಳಿ.

ಖಾಲಿ ಇರುವ ಹುಟ್ಟಿದ ದಿನಾಂಕವನ್ನು ಹಾಗೇ ಬಿಡಬೇಡಿ. 80 ತುಂಬಿದ ಮೇಲೆ ಪೆನ್ಷನ್ ಮತ್ತು ಫ್ಯಾಮಿಲಿ ಪೆನ್ಷನ್ ಎರಡಕ್ಕೂ ಮೂಲದ ಮೇಲೆ ಶೇ 20 ಹೆಚ್ಚು ಸಿಗುತ್ತೆ, 85ಕ್ಕೆ 30, 90ಕ್ಕೆ 40, 95ಕ್ಕೆ 50, 100ಕ್ಕೆ ಇನ್ನೊಂದು ಪೂರ್ತಿ ಪೆನ್ಷನ್. ದಿನಾಂಕ ಖಾಲಿ ಇದ್ದರೆ 80 ಆಯ್ತು ಅಂತ ಸಿಸ್ಟಂಗೆ ಗೊತ್ತಾಗೋದೇ ಇಲ್ಲ. ಎಂಬತ್ತು ದಾಟಿದ ಅಜ್ಜಿಯಂದಿರು ಹಳೇ ಮೊತ್ತವನ್ನೇ ತಗೋತಾ ಇರೋದಕ್ಕೆ ಮುಖ್ಯ ಕಾರಣ ಇದು.

---

ಗನ್_ಪೊಸಿಷನ್

ಸ್ಟಾರ್ ವಿಷಯಕ್ಕೆ ಬರ್ತೀನಿ.

ಆಪ್ ವಿಜಯ್ ಮೆಡಲ್ ಆ ಕಾರ್ಯಾಚರಣೆಗೆ ಸಜ್ಜಾದ ಬಹಳ ಜನಕ್ಕೆ ಸಿಕ್ಕಿದ್ದು. ಸ್ಟಾರ್ ಸಿಕ್ಕಿದ್ದು ಕಾರ್ಗಿಲ್, ದ್ರಾಸ್, ಬಟಾಲಿಕ್, ತುರ್ತುಕ್ ಕಡೆಯ ಯುದ್ಧ ವಲಯದಲ್ಲಿ ಖುದ್ದಾಗಿ ಇದ್ದವರಿಗೆ. 1971ರ ಸಂಗ್ರಾಮ್ ಮೆಡಲ್ ಮತ್ತು ಪಶ್ಚಿಮಿ ಸ್ಟಾರ್, ಪೂರ್ವಿ ಸ್ಟಾರ್‌ಗಳ ನಡುವೆಯೂ ಇದೇ ವ್ಯತ್ಯಾಸ. 'ನಮ್ಮ ರೆಜಿಮೆಂಟ್ ಅಲ್ಲಿತ್ತು' ಅನ್ನೋದು ಸಾಲದು, 'ಈ ನಂಬರಿನ ಈ ವ್ಯಕ್ತಿ ಈ ತಾರೀಖಿನಂದು ಆ ವಲಯದೊಳಗೆ ಇದ್ದ' ಅಂತ ತೋರಿಸಬೇಕು. ಗನ್‌ಗಳು ದ್ರಾಸ್‌ನಲ್ಲಿದ್ದರೂ ರಿಯರ್ ಪಾರ್ಟಿಯಲ್ಲಿ (ಹಿಂದೆ ನೆಲೆಯಲ್ಲೇ ಉಳಿದ ತಂಡ), ಕೋರ್ಸ್‌ನಲ್ಲಿ, ರಜೆಯಲ್ಲಿ, ಇಲ್ಲಾ ಬೇರೆಡೆ ಅಟ್ಯಾಚ್‌ಮೆಂಟ್‌ನಲ್ಲಿ ಇದ್ದವರ ಹೆಸರು ಪಟ್ಟಿಯಲ್ಲಿ ಬಂದಿರಲ್ಲ, ಅದು ಸರಿಯೂ ಹೌದು. ಅಪ್ಪ ಆ ತಿಂಗಳುಗಳಲ್ಲಿ ಗನ್ ಪೊಸಿಷನ್‌ನಲ್ಲೇ ಇದ್ದರಾ ಅಂತ ಮೊದಲು ಅವರನ್ನೇ ಕೂರಿಸಿ ಕೇಳಿ.

ಇದ್ದರು ಅಂದರೆ ಯಾವ ಕಾಗದ ಕೆಲಸಕ್ಕೆ ಬರುತ್ತೆ:

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಂಬಳದ ಲೆಕ್ಕ. ಫೀಲ್ಡ್ ಏರಿಯಾ, ಹೈ ಆಲ್ಟಿಟ್ಯೂಡ್ ಭತ್ಯೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಕೊಟ್ಟರು ಅನ್ನೋದಕ್ಕೂ ಪಾರ್ಟ್ ಟೂ ಆರ್ಡರ್ ಆಗಿರುತ್ತೆ. ಆ ಆರ್ಡರ್ ಶೀಟ್ ರೋಲ್‌ನಲ್ಲಿ ಇಲ್ಲವೇ ಪೇ ಅಕೌಂಟ್ಸ್ ಆಫೀಸ್‌ನ ಲೆಕ್ಕದಲ್ಲಿ ಕುರುಹು ಬಿಟ್ಟಿರುತ್ತೆ. ದುಡ್ಡು ಕೊಟ್ಟ ದಾಖಲೆಯನ್ನು ಯಾವ ಗುಮಾಸ್ತನೂ ಅಲ್ಲಗಳೆಯಲ್ಲ. ಎರಡನೆಯದು ಆಸ್ಪತ್ರೆ ಕಾಗದ: ಆ ಹೊತ್ತಿನಲ್ಲಿ ಗಾಯವೋ ಎತ್ತರದ ಕಾಯಿಲೆಯೋ ಆಗಿ ಫೀಲ್ಡ್ ಆಸ್ಪತ್ರೆಗೆ ಸೇರಿದ್ದರೆ ಜಾಗ, ತಾರೀಖು ಎರಡೂ ಅದರಲ್ಲಿರುತ್ತೆ. ಮೂರನೆಯದು ಜೊತೆಯವರ ಬುಕ್. ಬುಕ್ಕಿನ ನಕಲೊಂದೇ ಇಟ್ಟರೆ ಉಪಯೋಗ ಕಡಿಮೆ. ಅವರ ಸ್ಟಾರ್ ಯಾವ ಪಾರ್ಟ್ ಟೂ ಆರ್ಡರ್‌ನಲ್ಲಿ, ಯಾವ ತಾರೀಖಿಗೆ ಪ್ರಕಟವಾಯ್ತು ಅನ್ನೋ ನಂಬರ್ ಸಿಕ್ಕರೆ ಅದು ಚಿನ್ನ. ರೆಜಿಮೆಂಟ್‌ನ ಪಟ್ಟಿ ಒಟ್ಟೊಟ್ಟಿಗೆ ಹೋಗಿರುತ್ತೆ, ಅದರಲ್ಲಿ ಅಪ್ಪನ ನಂಬರ್ ಬಿಟ್ಟುಹೋಗಿದೆಯೋ ಅಥವಾ ಒಂದು ಅಂಕಿ ತಪ್ಪಿ ಇನ್ನೊಬ್ಬರ ಲೆಕ್ಕಕ್ಕೆ ಬಿದ್ದಿದೆಯೋ ಅಂತ ಅಲ್ಲೇ ಕಾಣುತ್ತೆ. ಎರಡನೆಯದು ನೀವಂದುಕೊಂಡಿದ್ದಕ್ಕಿಂತ ಹೆಚ್ಚು ಆಗುತ್ತೆ.

ಜೊತೆಗಾರರ ಅಫಿಡವಿಟ್ ಹತ್ತು ತಂದರೂ ಕಾಗದವೊಂದು ಇಲ್ಲದಿದ್ದರೆ ತೂಕ ಇಲ್ಲ. ಫೋಟೊ ಕೂಡ ಅಷ್ಟೇ.

ಯೂನಿಟ್‌ನ ವಾರ್ ಡೈರಿಯಲ್ಲಿ ಬ್ಯಾಟರಿ ಎಲ್ಲಿತ್ತು ಅನ್ನೋದು ಸಿಗಬಹುದು, ಒಬ್ಬೊಬ್ಬ ಗನ್ನರ್‌ನ ಹೆಸರು ಸಿಗೋದು ಅಪರೂಪ. ರಕ್ಷಣಾ ಸಚಿವಾಲಯದ 2021ರ ನೀತಿಯಲ್ಲಿ ಇಂಥ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಗೋಪ್ಯದಿಂದ ಬಿಡುಗಡೆ ಮಾಡಬೇಕು ಅಂತಿದೆ. ಆದರೂ ನಿಮ್ಮ ಕೆಲಸಕ್ಕೆ ಅದು ಕೊನೆಯ ದಾರಿ. ರೆಜಿಮೆಂಟ್ ಈಗಲೂ ಇರುವುದರಿಂದ ಅದರ ಕಮಾಂಡಿಂಗ್ ಆಫೀಸರ್‌ಗೂ ಅರ್ಜಿಯ ಒಂದು ಪ್ರತಿ ಕಳಿಸಿ. ರೆಕಾರ್ಡ್ಸ್‌ನವರು ಹೇಗೂ 'ಯೂನಿಟ್ ದೃಢೀಕರಿಸಲಿ' ಅಂತ ಅಲ್ಲಿಗೇ ಬರೆಯುತ್ತಾರೆ.

ಇನ್ನೊಂದು ವಿಷಯ. ಅರ್ಹತೆ ಬೇರೆ, ಲೋಹದ ಮೆಡಲ್ ಕೈಗೆ ಬರೋದು ಬೇರೆ. ರಿಬ್ಬನ್ ಹಾಕಿಕೊಳ್ಳೋಕೆ ಹೇಳಿ, ಮೆಡಲ್ ಕೊಡದೇ ಮನೆಗೆ ಕಳಿಸಿದವರು ಸಾವಿರಾರು ಜನ. ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿ: ದಾಖಲೆಯಲ್ಲಿ ಸೇರಿಸಿ, ಆಮೇಲೆ ಹೆಸರು ಕೆತ್ತಿದ ಮೆಡಲ್ ಕೊಡಿ. ಅಸಲಿ ಮೆಡಲ್‌ನ ಅಂಚಿನಲ್ಲಿ ನಂಬರ್, ರ್‍ಯಾಂಕ್, ಹೆಸರು ಕೊರೆದಿರುತ್ತೆ. ಮಿಲಿಟರಿ ಟೈಲರ್ ಅಂಗಡಿಯಲ್ಲಿ ಸಿಗುವ ಮೆಡಲ್‌ನ ಅಂಚು ಖಾಲಿ. ಗಣರಾಜ್ಯೋತ್ಸವಕ್ಕೆ ಹಾಕಿಕೊಳ್ಳೋಕೆ ಅದು ಸಾಕು, ದಾಖಲೆಗೆ ಅದು ಏನೂ ಅಲ್ಲ.

---

ಚನ್ನರಾಯಪಟ್ಟಣ_ಹುಡುಗ

ತುಂಬಾ ಉಪಕಾರ ಸರ್. ಎರಡು ಅನುಮಾನ. ಶೀಟ್ ರೋಲ್ ನೋಡೋದು ಹೇಗೆ, ಆರ್‌ಟಿಐ ಹಾಕಬೇಕಾ? ಮತ್ತೆ, ತಿದ್ದೋಕೆ ಅಂತ ಒರಿಜಿನಲ್ ಡಿಸ್ಚಾರ್ಜ್ ಬುಕ್ ಕಳಿಸಿ ಅಂದರೆ ಕಳಿಸಬೇಕಾ? ಕಳೆದುಹೋದರೆ?

---

ಕಡತಗಾರ

ಆರ್‌ಟಿಐ ಹಾಕಿ, ಆದರೆ ಅಪ್ಪನ ಹೆಸರಲ್ಲಿ, ಅಪ್ಪನ ಸಹಿಯಲ್ಲಿ. ನೀವು ಹಾಕಿದರೆ 'ಮೂರನೇ ವ್ಯಕ್ತಿಯ ವೈಯಕ್ತಿಕ ಮಾಹಿತಿ' ಅಂತ ವಾಪಸ್ ಬರುತ್ತೆ.

ಇದು ಕೇಂದ್ರ ಸರ್ಕಾರದ ಕಚೇರಿ, ಆದ್ದರಿಂದ ಕೇಂದ್ರದ ಆರ್‌ಟಿಐ ಪೋರ್ಟಲ್. ಕರ್ನಾಟಕದ ಪೋರ್ಟಲ್‌ನಲ್ಲಿ ಹಾಕಿ ಕಾಯುತ್ತಾ ಕೂತವರಿದ್ದಾರೆ. ಅಂಚೆಯಲ್ಲಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ, ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದರೆ ನಡೆಯಲ್ಲ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ.

ಕೇಳುವ ರೀತಿ ಮುಖ್ಯ. 'ನನಗೆ ಸ್ಟಾರ್ ಯಾಕೆ ಕೊಟ್ಟಿಲ್ಲ' ಅಂತ ಕೇಳಿದರೆ 'ಇದು ಮಾಹಿತಿ ಅಲ್ಲ' ಅಂತ ಒಂದೇ ಸಾಲಿನ ಉತ್ತರ. ಹೀಗೆ ಕೇಳಿ:

1. ನನ್ನ ಶೀಟ್ ರೋಲ್‌ನ ಎಲ್ಲ ಪುಟಗಳ ದೃಢೀಕೃತ ಪ್ರತಿ.
2. ಮೆಡಲ್‌ಗಳಿಗೆ ಸಂಬಂಧಿಸಿ ನನ್ನ ಹೆಸರಿನಲ್ಲಿ ಪ್ರಕಟವಾದ ಎಲ್ಲ ಪಾರ್ಟ್ ಟೂ ಆರ್ಡರ್‌ಗಳ ನಂಬರ್, ದಿನಾಂಕ ಮತ್ತು ಪ್ರತಿ.
3. 1999ರ ಮೇ 1ರಿಂದ ಡಿಸೆಂಬರ್ 31ರವರೆಗೆ ಫೀಲ್ಡ್ ಏರಿಯಾ, ಹೈ ಆಲ್ಟಿಟ್ಯೂಡ್ ಭತ್ಯೆ ಕುರಿತು ನನ್ನ ಹೆಸರಿನಲ್ಲಾದ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ.
4. ನನ್ನ ಮದುವೆ ಕುರಿತ ಪಾರ್ಟ್ ಟೂ ಆರ್ಡರ್‌ನ ಪ್ರತಿ.
5. ಯಾವುದಾದರೂ ದಾಖಲೆ ನಾಶ ಮಾಡಿದ್ದರೆ ಅದರ ದಿನಾಂಕ, ಯಾವ ನಿಯಮದಡಿ ಅನ್ನೋದು, ನಾಶಪಡಿಸಿದ ಪಟ್ಟಿಯ ಪ್ರತಿ.

ನಾಲ್ಕನೆಯದನ್ನು ಬಿಡಬೇಡಿ. ಮದುವೆಯ ಆರ್ಡರ್‌ನಲ್ಲಿ ಲಕ್ಷ್ಮಮ್ಮ ಅಂತಲೇ ಇದ್ದು ಪೆನ್ಷನ್ ಕಾಗದ ಮಾಡುವಾಗ ದೇವಿ ಬಂದಿದ್ದರೆ, ತಪ್ಪು ಕಚೇರಿಯದ್ದು. ಆಗ ಅಫಿಡವಿಟ್‌ನ ಗೋಜೂ ಬೇಕಾಗಲಿಕ್ಕಿಲ್ಲ.

ಆರ್‌ಟಿಐ ತಿದ್ದುಪಡಿ ಮಾಡಿಸಲ್ಲ, ಕಾಗದ ಕೊಡಿಸುತ್ತೆ ಅಷ್ಟೇ. ತಿದ್ದುಪಡಿಗೆ ಬೇರೆ ಅರ್ಜಿ ಹಾಕಲೇಬೇಕು.

ಒರಿಜಿನಲ್ ಬುಕ್: ಬರಹದಲ್ಲಿ ಕೇಳುವವರೆಗೂ ಕಳಿಸಬೇಡಿ. ಕೇಳಿದರೆ ಒಂದೊಂದು ಪುಟವನ್ನೂ, ಖಾಲಿ ಪುಟ ಸಮೇತ, ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಂಡು, ಅವರ ಪತ್ರದ ಸಂಖ್ಯೆ ನಮೂದಿಸಿ, ಇನ್ಶೂರ್ ಮಾಡಿದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಪ್ಪನಿಗೆ ಓಡಾಡೋಕೆ ಆಗುತ್ತೆ ಅಂದರೆ ಖುದ್ದಾಗಿ ಹೋಗೋದು ಒಳ್ಳೇದು, ತಿದ್ದಿದ ಕಡೆ ಸಹಿ-ಮೊಹರು ಬಿತ್ತಾ ಅಂತ ಅಲ್ಲೇ ನೋಡಿಕೊಂಡು ಬರಬಹುದು. ಮೊಹರಿಲ್ಲದ ತಿದ್ದುಪಡಿ ನೋಡಿದರೆ 'ಇದನ್ನ ನೀವೇ ಬರ್ಕೊಂಡಿದ್ದೀರಿ' ಅಂತಾರೆ. ಮತ್ತೆ ಬುಕ್ಕಿಗೆ ಲ್ಯಾಮಿನೇಷನ್ ಮಾಡಿಸಿದ್ದರೆ ತಿದ್ದೋಕೇ ಬರಲ್ಲ. ಮಾಡಿಸಿಲ್ಲ ಅಂದುಕೊಳ್ತೀನಿ.

---

ಬೆಳಗಾವಿಕರ

ಐದನೇ ಪ್ರಶ್ನೆ ಚಲೋ ಹೇಳ್ಯಾರ. ಪೆನ್ಷನ್ ಇಲ್ಲದ ಬಿಟ್ಟು ಬಂದವರದು ಬ್ಯಾರೇನ ಕಥಿ ಐತ್ರಿ. ಅವರ ಸರ್ವಿಸ್ ಕಾಗದ 25 ವರ್ಷ ಆದಮ್ಯಾಲ ನಾಶ ಮಾಡ್ತಾರ, ನಿಯಮದಾಗ ಹಂಗ ಐತಿ. ಉಳಿಯೂದು ಲಾಂಗ್ ರೋಲ್ ಒಂದ. ಅದರಾಗ ನಂಬರ್, ಹೆಸರು, ಭರ್ತಿ ಆದ ದಿನ, ಬಿಟ್ಟ ದಿನ, ಕಾರಣ ಇಷ್ಟ ಸಿಗತೈತಿ. 1965, 1971ರ ಮಂದಿಯ ಮಕ್ಕಳು ಮೆಡಲ್ ಕೇಳಿದಾಗ 'ದಾಖಲೆ ನಾಶ ಆಗ್ಯಾವ' ಅಂತ ಉತ್ತರ ಬರೂದು ಅದಕ್ಕ. ಅಂಥವರು ಲಾಂಗ್ ರೋಲ್ ಪ್ರತಿ ಕೇಳ್ರಿ, ಕೊಡೂದಿಲ್ಲ ಅನ್ನಾಕ ಬರೂದಿಲ್ಲ.

ನಿಮ್ಮ ತಂದೆಯವರು ಪೆನ್ಷನರ್ ಇದ್ದದ್ದಕ್ಕ ಆ ಚಿಂತಿ ಇಲ್ಲ. ಮತ್ತ ಮರಾಠಾ ಲೈಟ್ ಇನ್ಫೆಂಟ್ರಿಯವರು ನಾಸಿಕ್‌ಗೆ ಬರೀಬ್ಯಾಡ್ರಿ, ಅವರದು ನಮ್ಮ ಬೆಳಗಾವ್ಯಾಗ. ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರದು ಬೆಂಗಳೂರಾಗ, ಸಿಗ್ನಲ್ಸ್‌ನವರದು ಜಬಲ್‌ಪುರದಾಗ, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಅವರದು ಸಿಕಂದರಾಬಾದ್‌ನ್ಯಾಗ. ತಪ್ಪು ಕಚೇರಿಗೆ ಹೋದ ಅರ್ಜಿ ತಿರುಗಿ ಬರೂದೂ ಇಲ್ಲ, ಮುಂದ ಹೋಗೂದೂ ಇಲ್ಲ.

---

ವಕಾಲತ್ತು

ಟ್ರಿಬ್ಯೂನಲ್ ಬಗ್ಗೆ. ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ ಕಾಯ್ದೆ 2007ರದ್ದು. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಕಾಯ್ದೆಯ 21ನೇ ಕಲಂ ಪ್ರಕಾರ ಇಲಾಖೆಯಲ್ಲಿ ಇರುವ ದಾರಿಗಳನ್ನು ಮೊದಲು ಮುಗಿಸಿರಬೇಕು. ಅರ್ಜಿ ಕೊಟ್ಟು ಆರು ತಿಂಗಳು ಉತ್ತರವಿಲ್ಲದಿದ್ದರೆ ಮುಗಿಸಿದಂತೆ ಲೆಕ್ಕ. ಆಮೇಲೆ 22ನೇ ಕಲಂ ಪ್ರಕಾರ ಆರು ತಿಂಗಳೊಳಗೆ ಹಾಕಬೇಕು, ತಡವಾದರೆ ಕಾರಣ ಕೊಟ್ಟು ಕ್ಷಮೆ ಕೇಳಬೇಕು. 'ಸೀದಾ ಹಾಕೋಣ' ಅನ್ನೋರು ಈ ಮೊದಲ ಮೆಟ್ಟಿಲನ್ನೇ ಹಾರಿಸುತ್ತಿದ್ದಾರೆ. ಅಡ್ಮಿಷನ್ ಹಂತದಲ್ಲೇ 'ಮೊದಲು ಅರ್ಜಿ ಕೊಡಿ' ಅಂತ ಕಳಿಸಿದರೆ ಫೀಸು ಹೋಯ್ತು.

ಎರಡು ದಶಕದ ಹಳೇ ಮೆಡಲ್‌ಗೆ ವಿಳಂಬ ದೊಡ್ಡ ಅಡ್ಡಿ. ಇವತ್ತು ಅರ್ಜಿ ಕೊಟ್ಟು ನಾಳೆ ತಿರಸ್ಕಾರದ ಪತ್ರ ತಂದರೆ ಹಳೇ ಅವಧಿಗೆ ಮತ್ತೆ ಜೀವ ಬರಲ್ಲ, ಸುಪ್ರೀಂ ಕೋರ್ಟ್ ಇದನ್ನು ಹಲವು ಸಲ ಹೇಳಿದೆ. ಆದ್ದರಿಂದ ಸ್ಟಾರ್ ಅನ್ನು 'ಪ್ರಶಸ್ತಿ ಕೊಡಿ' ಅಂತ ಕೇಳಬೇಡಿ. 'ದಾಖಲೆಯಲ್ಲಿ ಬಿಟ್ಟುಹೋದ ನಮೂದನ್ನು ಸರಿಪಡಿಸಿ' ಅಂತ ಕೇಳಿ, ಆರ್ಡರ್ ನಂಬರ್ ಸಮೇತ. ಪೆನ್ಷನ್ ಹಣದ ತಪ್ಪಾದರೆ ಬೇರೆ: ಅದು ತಿಂಗಳು ತಿಂಗಳು ಮರುಕಳಿಸುವ ಅನ್ಯಾಯ, ವಿಳಂಬ ಅಷ್ಟು ಅಡ್ಡ ಬರಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತ.

ಶೌರ್ಯ ಪದಕಗಳ ದಾರಿ ಪೂರ್ತಿ ಬೇರೆ, ಇದನ್ನು ಅದರ ಜೊತೆ ಬೆರೆಸಬೇಡಿ. ಅವು ಗೆಜೆಟ್‌ನಲ್ಲಿ ಬರುತ್ತವೆ. ಗೆಜೆಟ್ ಆಗಿದ್ದು ಬುಕ್‌ನಲ್ಲಿ ಇಲ್ಲದಿದ್ದರೆ ಗೆಜೆಟ್ ಪ್ರತಿಯೇ ಸಾಕ್ಷಿ. ಸೇನಾ ಮೆಡಲ್ ಇದ್ದವರು 'ಗ್ಯಾಲಂಟ್ರಿ' ಅನ್ನೋ ಪದ ಬುಕ್‌ನಲ್ಲಿದೆಯೇ ನೋಡಿಕೊಳ್ಳಿ. ತಿಂಗಳ ಭತ್ಯೆ, 2017ರ ಆಗಸ್ಟ್‌ನಿಂದ 2,000 ರೂ., ಅದಕ್ಕೆ ಮಾತ್ರ. ಅಂದು ಕಮಾಂಡಿಂಗ್ ಆಫೀಸರ್ ಶಿಫಾರಸೇ ಮಾಡಿರದಿದ್ದರೆ ಈಗ ಯಾವ ಕೋರ್ಟೂ ಕೊಡಿಸಲ್ಲ.

ಅಪ್ಪನ ಹುಟ್ಟಿದ ದಿನಾಂಕ: ಕೈಬಿಡಿ. ಭರ್ತಿಯಾಗುವಾಗ ಶಾಲೆಯ ಕಾಗದ ನೋಡಿ ಬರೆದ ದಿನಾಂಕವೇ ಕೊನೆಯವರೆಗೂ. ಸೇವೆಯಲ್ಲಿದ್ದಾಗಲೇ, ಕೊನೆಗಾಲದಲ್ಲಿ ಕೇಳಿದವರನ್ನು ಕೋರ್ಟ್‌ಗಳು ಒಪ್ಪಿಲ್ಲ, ನಿವೃತ್ತಿಯ ಮೇಲಂತೂ ಪ್ರಶ್ನೆಯೇ ಇಲ್ಲ. ಶಾಲೆಯ ಟಿಸಿ ತೆಗೆಸಿ ನೋಡಿ. ಅದರಲ್ಲಿ ಸೇನೆಯ ದಿನಾಂಕವೇ ಇದ್ದರೆ ಆಧಾರ್ ಅನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಬದಲಿಸೋಕೆ ಒಂದೇ ಅವಕಾಶ, ಹೆಸರಿಗೆ ಎರಡು. ಟಿಸಿ ಕೈಯಲ್ಲಿಲ್ಲದೆ ಆ ಅವಕಾಶ ಖರ್ಚು ಮಾಡಬೇಡಿ. ಅಂದಹಾಗೆ ಕಾಗದದಲ್ಲಿ ಎರಡು ವರ್ಷ ದೊಡ್ಡವರಾಗಿದ್ದರೆ 80ರ ಶೇ 20 ಕೂಡ ಎರಡು ವರ್ಷ ಮೊದಲೇ ಬರುತ್ತೆ, ಅದರಲ್ಲಿ ನಷ್ಟವೇನಿಲ್ಲ.

---

ಚನ್ನರಾಯಪಟ್ಟಣ_ಹುಡುಗ

ಟಿಸಿ ಮನೆಯಲ್ಲೇ ಇದೆ, ಸೇನೆಯ ದಿನಾಂಕವೇ ಇದೆ. ಆ ವಿಷಯ ಬಿಟ್ಟೆವು. ಅಪ್ಪ ಗನ್ ಪೊಸಿಷನ್‌ನಲ್ಲೇ ಇದ್ದರಂತೆ, ಆದರೆ ಜುಲೈ ಮಧ್ಯದಲ್ಲಿ ಕಾಲು ಪೆಟ್ಟಾಗಿ ಶ್ರೀನಗರದ ಆಸ್ಪತ್ರೆಗೆ ಕಳಿಸಿದ್ದರು ಅಂತಾರೆ.

---

ಗನ್_ಪೊಸಿಷನ್

ಹಾಗಾದರೆ ಗಂಟು ಅಲ್ಲೇ ಇರಬಹುದು. ಆಸ್ಪತ್ರೆಗೆ ಹೋದವರು ಯೂನಿಟ್‌ನ ಬಲದಿಂದ ತಾತ್ಕಾಲಿಕವಾಗಿ ಹೊರಗೆ. ಮೆಡಲ್‌ನ ಪಟ್ಟಿ ಮಾಡಿದ ದಿನ ಅವರು ಅಲ್ಲಿ ಇಲ್ಲದಿದ್ದರೆ ಹೆಸರು ಬಿಟ್ಟುಹೋಗೋದು ಸಹಜ. ಆರ್‌ಟಿಐಗೆ ಆರನೇ ಪ್ರಶ್ನೆ ಸೇರಿಸಿ: 1999ರ ಜೂನ್‌ನಿಂದ ಅಕ್ಟೋಬರ್‌ವರೆಗೆ ಆಸ್ಪತ್ರೆ ದಾಖಲು ಮತ್ತು ಬಿಡುಗಡೆ ಕುರಿತ ಪಾರ್ಟ್ ಟೂ ಆರ್ಡರ್‌ಗಳು, ಮತ್ತು ವೈದ್ಯಕೀಯ ದಾಖಲೆಯ ಪ್ರತಿ. ಪೆಟ್ಟಾದ ಜಾಗ ದ್ರಾಸ್ ಅಂತ ಅದರಲ್ಲಿ ಬರೆದಿದ್ದರೆ ಅವರು ವಲಯದೊಳಗೆ ಇದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಅಲ್ಲದೆ ಕಾಲಿನ ತೊಂದರೆ ಈಗಲೂ ಇದೆಯಾ? ಡಿಸ್ಚಾರ್ಜ್ ವೇಳೆ ಮೆಡಿಕಲ್ ಕೆಟಗರಿ ಏನು ಬರೆದಿದ್ದಾರೆ ನೋಡಿ ಹೇಳಿ, ಅದಕ್ಕೆ ಬೇರೆ ಥ್ರೆಡ್ ಮಾಡೋಣ.